ಚಂದ್ರಂಪಳ್ಳಿ ಕೆರೆಯ ದಂಡೆಗೆ ಒಂದು ಬೆಳಗಿನ ನಡಿಗೆ: ಸಮಗ್ರ ಮಾರ್ಗದರ್ಶಿ

ಕಲಬುರಗಿಯವರಿಗೆ ಕಾಡು ನೋಡಬೇಕು ಅನ್ನಿಸಿದರೆ ದಾಂಡೇಲಿಗೋ ಚಿಕ್ಕಮಗಳೂರಿಗೋ ರಾತ್ರಿ ಬಸ್ ಹತ್ತುತ್ತೇವೆ. ನಮ್ಮದೇ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಹತ್ತಿಕೊಂಡು, ಸಾಲು ಗುಡ್ಡಗಳಿವೆ. ಅವುಗಳ ಮೈಮೇಲೆ ತೇಗ, ಮುತ್ತುಗ, ಸೀತಾಫಲ, ಅಲ್ಲಲ್ಲಿ ಶ್ರೀಗಂಧ. ಗುಡ್ಡಗಳ ನಡುವೆ ನಿಂತ ನೀರು, ಅದೇ ಚಂದ್ರಂಪಳ್ಳಿ. ಲೆಕ್ಕದ ಪ್ರಕಾರ ಅದು ಜಲಾಶಯ, ಸರನಾಲಾ ಹಳ್ಳಕ್ಕೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಆದರೆ ಮೂರು ಕಡೆ ಕಾಡು ಇಳಿದು ಬಂದು ನೀರು ಮುಟ್ಟುವುದನ್ನು ನೋಡಿದ ಮೇಲೆ ಯಾರೂ ಅದನ್ನು ಕೆರೆ ಅನ್ನದೆ ಬಿಡುವುದಿಲ್ಲ.

ಈ ಕಾಡು 2011ರಲ್ಲಿ ಚಿಂಚೋಳಿ ವನ್ಯಜೀವಿ ಧಾಮವಾಯಿತು. ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರ್. ಒಣಭೂಮಿಯ ವನ್ಯಧಾಮ ಎಂದೇ ಇದಕ್ಕೆ ಹೆಸರು. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡುಕುರಿ ಇಲ್ಲಿಯ ನಿವಾಸಿಗಳು. ಆನೆ, ಹುಲಿ ಇಲ್ಲ. ಮಲೆನಾಡಿನ ಇಂಬಳದ ಕಾಟವೂ ಇಲ್ಲ. ಗುಡ್ಡಗಳು ಎತ್ತರದವಲ್ಲ, ಉಸಿರು ಕಟ್ಟುವ ಏರು ಕಡಿಮೆ. ಹಾಗಾಗಿ ಟ್ರೆಕ್ಕಿಂಗ್ ಎಂಬ ಶಬ್ದ ಕೇಳಿದರೇ ಹಿಂಜರಿಯುವವರಿಗೂ ಇದು ಒಳ್ಳೆಯ ಮೊದಲ ನಡಿಗೆ.

ಸುಲಭ ಅಂದೆ. ಅದಕ್ಕೊಂದು ಷರತ್ತಿದೆ. ಈ ಕಡೆಯ ಕಾಡಿನಲ್ಲಿ ದಾರಿ ಎಷ್ಟು ಉದ್ದ ಅನ್ನುವುದಕ್ಕಿಂತ ಗಂಟೆ ಎಷ್ಟಾಯಿತು ಅನ್ನುವುದು ದೊಡ್ಡದು. ಬೆಳಗ್ಗೆ ಏಳಕ್ಕೆ ಮಕ್ಕಳೂ ನಗುತ್ತಾ ನಡೆಯುವ ದಾರಿಯೇ ಹನ್ನೊಂದೂವರೆಗೆ ಗಟ್ಟಿಮುಟ್ಟಾದ ಹುಡುಗರನ್ನು ಕೂರಿಸಿಬಿಡುತ್ತದೆ. ಕೆಳಗೆ ಹೇಳುವ ಪ್ರತಿ ಹಂತವೂ ಈ ಒಂದು ಮಾತಿಗೆ ಬಂದು ಸೇರುತ್ತದೆ: ಸೂರ್ಯನ ಜೊತೆ ಹೊರಡಿ, ಬಿಸಿಲು ಏರುವ ಮೊದಲು ವಾಪಸ್ ಬನ್ನಿ.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಸೆಪ್ಟೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಕಣ್ಣು ಮುಚ್ಚಿಕೊಂಡು ಹೋಗಬಹುದು. ಮಳೆಗಾಲ ಚೆನ್ನಾಗಿ ಆಗಿದ್ದರೆ ಅಕ್ಟೋಬರ್‌ನಲ್ಲಿ ಕೆರೆ ತುಂಬಿರುತ್ತದೆ, ಗುಡ್ಡ ಹಸಿರಾಗಿರುತ್ತದೆ, ದಾರಿಯುದ್ದಕ್ಕೂ ಹೊಲದಲ್ಲಿ ತೊಗರಿ ಎದೆಮಟ್ಟ ನಿಂತಿರುತ್ತದೆ. ಇನ್ನೊಂದು ತಿಂಗಳು ಕಳೆದರೆ ಅದೇ ಹೊಲಗಳು ಹಳದಿ ಹೂವಿನಲ್ಲಿ ಮುಳುಗುತ್ತವೆ. 2019ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ ತೊಗರಿ ಇದೇ. ಕಾರಿನ ಕಿಟಕಿ ಇಳಿಸಿ ಆ ಗಾಳಿ ತೆಗೆದುಕೊಳ್ಳಿ.

ನನ್ನನ್ನು ಕೇಳಿದರೆ ನವೆಂಬರ್ ಎಲ್ಲಕ್ಕಿಂತ ಚಂದ. ನೀರು ಇರುತ್ತದೆ, ಕೆಸರು ಆರಿರುತ್ತದೆ, ಬೆಳಗ್ಗೆ ಹಿತವಾದ ಚಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿ ಕಾಡು ಬರಿದಾಗುತ್ತದೆ, ಆದರೆ ಮುತ್ತುಗದ ಮರಗಳು ಕೇಸರಿ ಹೂ ಬಿಡುವುದು ಆಗಲೇ. ಅದಕ್ಕಾಗಿಯೇ ಹೋಗುವವರು ಬೆಳಗಿನ ಒಂಬತ್ತರೊಳಗೆ ನಡಿಗೆ ಮುಗಿಸಬೇಕು.

ಏಪ್ರಿಲ್, ಮೇ ಬೇಡ. ನಮ್ಮ ಜಿಲ್ಲೆಯಲ್ಲಿ ಆಗ ಉಷ್ಣತೆ 42 ಡಿಗ್ರಿ ದಾಟುವುದು ಮಾಮೂಲು. ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ. ಆ ಎರಡು ತಿಂಗಳು ಕಾಡಿನ ಪ್ರಾಣಿಗಳಿಗೆ ಉಳಿದಿರುವ ನೀರು ಕೆಲವೇ ಕಡೆ. ನಾವು ದಂಡೆಯಲ್ಲಿ ಕೂತರೆ ಬಾಯಾರಿದ ಪ್ರಾಣಿ ಪೊದೆಯೊಳಗೆ ಕಾಯುತ್ತಾ ನಿಲ್ಲಬೇಕಾಗುತ್ತದೆ. ಅದು ಸರಿಯಲ್ಲ, ಅಲ್ವಾ?

ಜುಲೈ, ಆಗಸ್ಟ್‌ನಲ್ಲಿ ಮಳೆ ಬಿಡುವು ಕೊಟ್ಟ ದಿನ ಹೋಗಬಹುದು. ಕಾಲಿಗೆ ಜಿಗಟು ಮಣ್ಣು ಅಂಟುತ್ತದೆ, ಹಳ್ಳಗಳು ದಿಢೀರ್ ಏರುತ್ತವೆ. ಮೊಣಕಾಲಿಗಿಂತ ಮೇಲೆ ನೀರು ಹರಿಯುತ್ತಿದ್ದರೆ ಹಳ್ಳ ದಾಟುವ ಮಾತೇ ಬೇಡ.

ಅನುಮತಿ: ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ

ವನ್ಯಜೀವಿ ಧಾಮದೊಳಗೆ ಸುಮ್ನೆ ನಡೆದುಕೊಂಡು ಹೋಗುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಣೆಕಟ್ಟಿನವರೆಗೆ ರಸ್ತೆ ಇದೆ, ಜನ ಹೋಗಿಬರುತ್ತಾರೆ ಎಂದು ಕಾಡಿನ ಹಾದಿಗೂ ಅದೇ ನಿಯಮ ಎಂದುಕೊಳ್ಳಬೇಡಿ. ಚಿಂಚೋಳಿಯ ವಲಯ ಅರಣ್ಯಾಧಿಕಾರಿ ಕಚೇರಿಯನ್ನು ಒಂದು ವಾರ ಮೊದಲೇ ಸಂಪರ್ಕಿಸಿ. ನಾಲ್ಕು ವಿಷಯ ಕೇಳಿಕೊಳ್ಳಿ. ಸದ್ಯ ಯಾವ ಹಾದಿಯಲ್ಲಿ ನಡೆಯಲು ಬಿಡುತ್ತಿದ್ದಾರೆ? ಜೊತೆಗೆ ಯಾರು ಬರುತ್ತಾರೆ? ಶುಲ್ಕ ಎಷ್ಟು? ಬೆಳಗ್ಗೆ ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ? ಕೊನೆಯದನ್ನು ಮರೆಯಬೇಡಿ. ಎಂಟು ಗಂಟೆಗೆ ಬಿಡುತ್ತೇವೆ ಎಂದರೆ ನಿಮ್ಮ ಯೋಜನೆ ಪೂರ್ತಿ ಬದಲಾಗುತ್ತದೆ. ಬೇಗ ಹೊರಡುವ ಕಾರಣ ವಿವರಿಸಿ, ಮೊದಲೇ ಮಾತಾಡಿಟ್ಟುಕೊಳ್ಳಿ.

ಜೊತೆಗೆ ಸ್ಥಳೀಯ ಅರಣ್ಯ ವೀಕ್ಷಕರು ಅಥವಾ ಇಲಾಖೆ ಸೂಚಿಸಿದ ಮಾರ್ಗದರ್ಶಕರು ಇರಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ದಾರಿ ತಪ್ಪುವ ಭಯಕ್ಕಷ್ಟೇ ಹೇಳುತ್ತಿಲ್ಲ. ಆ ಕಾಡಿನ ಅಂಚಿನ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಹುಟ್ಟಿ ಬೆಳೆದವರು ಒಂದೇ ಮಾತಿನಲ್ಲಿ ಕನ್ನಡ, ತೆಲುಗು, ಲಂಬಾಣಿ, ಉರ್ದು ಬೆರೆಸಿ ಮರದ ಹೆಸರು ಹೇಳುತ್ತಾರೆ. ಯಾವ ಸೊಪ್ಪು ಯಾವ ಗಾಯಕ್ಕೆ, ಯಾವ ಕೂಗು ಯಾವ ಹಕ್ಕಿಯದು ಎಂದು ಅವರಿಂದ ಕೇಳಿದ ನಡಿಗೆಯ ತೂಕವೇ ಬೇರೆ.

ಗುಂಪು ಚಿಕ್ಕದಿರಲಿ. ಆರು ಜನ ಸರಿ, ಎಂಟು ಜಾಸ್ತಿ. ಡಿಜೆ ಸ್ಪೀಕರ್, ಪಟಾಕಿ, ಮದ್ಯ, ಡ್ರೋನ್ ಯಾವುದೂ ಬೇಡ. ನಾಯಿ ಸಾಕಿದವರು ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ತೋಳ, ನರಿಗಳಿಗೆ ಊರ ನಾಯಿಗಳಿಂದ ಬರುವ ರೇಬಿಸ್, ಡಿಸ್ಟೆಂಪರ್‌ನಂಥ ರೋಗಗಳು ಇಡೀ ಗುಂಪನ್ನೇ ಮುಗಿಸಬಲ್ಲವು.

ಹಿಂದಿನ ರಾತ್ರಿ ಎಲ್ಲಿ ಮಲಗಬೇಕು

ಕಲಬುರಗಿಯಿಂದ ಚಿಂಚೋಳಿ ಸುಮಾರು 85 ಕಿಲೋಮೀಟರ್. ಮಹಾಗಾಂವ್ ಕ್ರಾಸ್ ಕಡೆಯಿಂದ ಹೋಗಬಹುದು, ಮಳಖೇಡ, ಸೇಡಂ ಮೇಲೂ ಬರಬಹುದು. ಸಮಯ ಇದ್ದರೆ ಎರಡನೆಯ ದಾರಿಯಲ್ಲಿ ಮಳಖೇಡದ ಕೋಟೆಯ ಬಳಿ ಹತ್ತು ನಿಮಿಷ ನಿಲ್ಲಿ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ, ಕಾಗಿಣಾ ನದಿಯ ದಂಡೆ. ಬೀದರ್, ಹುಮನಾಬಾದ್ ಕಡೆಯಿಂದಲೂ ಚಿಂಚೋಳಿಗೆ ಬಸ್ಸುಗಳಿವೆ. ರೈಲಿನಲ್ಲಿ ಬರುವವರಿಗೆ ವಾಡಿ–ಸಿಕಂದರಾಬಾದ್ ಮಾರ್ಗದ ತಾಂಡೂರು ಹತ್ತಿರ. ಚಿಂಚೋಳಿಯಿಂದ ಚಂದ್ರಂಪಳ್ಳಿಗೆ ಸ್ವಂತ ಗಾಡಿ ಇಲ್ಲದಿದ್ದರೆ ಆಟೋ ಅಥವಾ ಜೀಪು ಮಾತಾಡಿಕೊಳ್ಳಬೇಕು. ವಾಪಸ್ ಕರೆದುಕೊಂಡು ಬರುವ ಸಮಯವನ್ನೂ ಆಗಲೇ ಹೇಳಿ, ಚಾಲಕರ ನಂಬರ್ ಬರೆದಿಟ್ಟುಕೊಳ್ಳಿ.

ಕಲಬುರಗಿಯಿಂದ ಬೆಳಗ್ಗೆ ಹೊರಟು ಅದೇ ದಿನ ನಡೆಯುವವರು ನಾಲ್ಕು ಗಂಟೆಗೆ ಮನೆ ಬಿಡಬೇಕು. ಕತ್ತಲಲ್ಲಿ ಹಳ್ಳಿ ರಸ್ತೆ, ಕಬ್ಬಿನ ಟ್ರ್ಯಾಕ್ಟರ್, ನಿದ್ದೆಗಣ್ಣು. ಇದು ಒಳ್ಳೆಯದಲ್ಲ. ಹಿಂದಿನ ದಿನ ಸಂಜೆಯೇ ಬಂದು ಚಿಂಚೋಳಿಯಲ್ಲಿ ಉಳಿಯಿರಿ. ಚಂದ್ರಂಪಳ್ಳಿಯಲ್ಲಿ ಅರಣ್ಯ ಇಲಾಖೆಯ ವಸತಿ ಸೌಕರ್ಯವೂ ಇದೆ, ಅನುಮತಿ ಕೇಳುವಾಗಲೇ ಅದನ್ನೂ ವಿಚಾರಿಸಿ. ರಾತ್ರಿ ಬೇಗ ಊಟ, ಬೇಗ ನಿದ್ದೆ. ಮಲಗುವ ಮೊದಲು ಎರಡು ಲೋಟ ನೀರು ಜಾಸ್ತಿ ಕುಡಿಯಿರಿ. ಮರುದಿನದ ನಡಿಗೆ ಅಲ್ಲಿಂದಲೇ ಶುರು.

ಚೀಲದಲ್ಲಿ ಏನಿರಬೇಕು

ನೀರು. ಒಬ್ಬರಿಗೆ ಮೂರು ಲೀಟರ್, ಚಳಿಗಾಲದಲ್ಲೂ. ಭಾರ ಅನ್ನಿಸುತ್ತದೆ, ಆದರೂ ಹೊರಿ. ಕೆರೆಯ ನೀರು ಕುಡಿಯಲು ಅಲ್ಲ. ದನ, ಕುರಿ, ಕಾಡುಪ್ರಾಣಿ ಎಲ್ಲವೂ ಇಳಿಯುವ ನೀರು ಅದು. ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋದರೆ ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರುವುದಿಲ್ಲ. ಹಾಗಾಗಿ ಓಆರ್‌ಎಸ್ ಪುಡಿ ಒಂದೆರಡು ಪೊಟ್ಟಣ ಇಟ್ಟುಕೊಳ್ಳಿ. ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಿ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚು ಬೇಡ. ನಿಂಬೆ ಹಿಂಡಿದರೆ ರುಚಿ.

ಬುತ್ತಿಗೆ ನಮ್ಮ ಖಡಕ್ ರೊಟ್ಟಿಯನ್ನು ಮೀರಿಸುವ ತಿನಿಸು ಇಲ್ಲ. ಹಳಸುವುದಿಲ್ಲ, ಸೋರುವುದಿಲ್ಲ, ಭಾರ ಇಲ್ಲ. ಜೊತೆಗೆ ಶೇಂಗಾ ಚಟ್ನಿ, ಒಂದು ಡಬ್ಬಿ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಬಟ್ಟೆಯಲ್ಲಿ ಸುತ್ತಿ ತಂದರೆ ಪ್ಲಾಸ್ಟಿಕ್ ಕವರೂ ಬೇಕಿಲ್ಲ. ಸಿಹಿ ಬೇಕೆಂದರೆ ಕಲಬುರಗಿಯ ಮಾಲ್ಪುರಿ ಕಟ್ಟಿಸಿಕೊಳ್ಳಿ, ಆದರೆ ಅದನ್ನು ವಾಪಸ್ ಬಂದ ಮೇಲೆ ತಿನ್ನಿ. ಅಂಟು ಕೈಗೆ ಕಾಡಿನಲ್ಲಿ ನೊಣ, ಇರುವೆ ಮುತ್ತುತ್ತವೆ.

ಶೂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಈ ಕಾಡು ಮುಳ್ಳಿನ ಕಾಡು. ಜಾಲಿ, ಕಾರೆ, ಬಾರೆ ಗಿಡದ ಮುಳ್ಳು ತೆಳು ಅಡಿಯ ಕ್ಯಾನ್ವಾಸ್ ಶೂವನ್ನು ದಾಟಿ ಪಾದಕ್ಕೆ ಬರುತ್ತದೆ. ಚಪ್ಪಲಿ ಬೇಡವೇ ಬೇಡ. ದಪ್ಪ ಅಡಿಯ, ಕಾಲಿನ ಗಂಟು ಮುಚ್ಚುವ ಹಳೆಯ ಶೂ ಸಾಕು, ದುಬಾರಿ ಬ್ರ್ಯಾಂಡ್ ಏನೂ ಬೇಕಿಲ್ಲ. ಉದ್ದ ಕಾಲುಚೀಲ, ಅದರೊಳಗೆ ಸೇರಿಸಿದ ಪ್ಯಾಂಟು, ತುಂಬು ತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ. ಟೋಪಿ ಇಲ್ಲದವರು ಟವೆಲ್ ಸುತ್ತಿಕೊಳ್ಳಿ. ಬಿಸಿಲಲ್ಲಿ ಅದನ್ನೇ ಒದ್ದೆ ಮಾಡಿ ಕತ್ತಿಗೆ ಹಾಕಿಕೊಳ್ಳಬಹುದು. ಬಟ್ಟೆಯ ಬಣ್ಣ ಮಣ್ಣಿನದೋ ಎಲೆಯದೋ ಇರಲಿ. ಸೆಂಟು, ಪರಿಮಳದ ಪೌಡರ್ ಹಾಕಬೇಡಿ, ಕಾರಣ ಮುಂದೆ ಬರುತ್ತದೆ.

ಉಳಿದಂತೆ ಒಂದು ಚಿಮ್ಮಟ, ಬ್ಯಾಂಡೇಜ್, ನಿಮ್ಮ ನಿತ್ಯದ ಮಾತ್ರೆ, ಟಾರ್ಚು, ಸೀಟಿ, ಕಸಕ್ಕೆ ಒಂದು ಚೀಲ. ಗುಡ್ಡದ ಸಂದಿನಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ನಕ್ಷೆಯನ್ನು ಹಿಂದಿನ ದಿನವೇ ಫೋನಿಗೆ ಇಳಿಸಿಕೊಳ್ಳಿ. ಮನೆಯಲ್ಲಿ ಒಬ್ಬರಿಗೆ ಎಲ್ಲಿ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ ಎಂದು ಹೇಳಿ ಹೊರಡಿ.

ನಡಿಗೆ ಶುರು

ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಆರೂವರೆ ದಾಟಿದ ಮೇಲೆ. ಆ ಹೊತ್ತಿಗೆ ಶೂ ಕಟ್ಟಿ ನಿಂತಿರಬೇಕು. ಮಾರ್ಗದರ್ಶಕರು ಮುಂದೆ, ನಿಧಾನ ನಡೆಯುವವರು ಅವರ ಬೆನ್ನಿಗೆ, ಗಟ್ಟಿಗರು ಕೊನೆಗೆ. ನಿಧಾನದವರನ್ನು ಹಿಂದೆ ಬಿಟ್ಟರೆ ಅವರು ಯಾವಾಗಲೂ ಓಡುತ್ತಾ ಬಂದು ಸೇರಬೇಕಾಗುತ್ತದೆ, ವಿಶ್ರಾಂತಿಯೇ ಸಿಗುವುದಿಲ್ಲ.

ಗಂಟೆಗೆ ಎರಡು ಕಿಲೋಮೀಟರ್ ನಡೆದರೆ ಸಾಕು. ಮಾತಾಡುತ್ತಾ ನಡೆದರೂ ಏದುಸಿರು ಬರಬಾರದು, ಅದೇ ಸರಿಯಾದ ವೇಗ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಂತು ನಾಲ್ಕು ಗುಟುಕು ನೀರು. ಬಾಯಾರಿಕೆ ಆಗುವವರೆಗೆ ಕಾಯಬೇಡಿ. ಹೋಗುವುದಕ್ಕೆ ಒಂದೂಕಾಲು ಗಂಟೆ, ದಂಡೆಯಲ್ಲಿ ಮುಕ್ಕಾಲು ಗಂಟೆ, ಬರುವುದಕ್ಕೆ ಒಂದೂಕಾಲು ಗಂಟೆ ಎಂದು ಲೆಕ್ಕ ಹಾಕಿ. ಹತ್ತೂವರೆಯೊಳಗೆ ಗಾಡಿ ಹತ್ತಿರ ಇರುತ್ತೀರಿ. ಈ ಲೆಕ್ಕಕ್ಕೆ ಹೊಂದುವ ಹಾದಿಯನ್ನೇ ತೋರಿಸಿ ಎಂದು ಮಾರ್ಗದರ್ಶಕರಿಗೆ ಹೇಳಿ.

ಮೊದಲ ಅರ್ಧ ಗಂಟೆ ಕ್ಯಾಮೆರಾ ಚೀಲದಲ್ಲೇ ಇರಲಿ. ಸುಮ್ಮನೆ ಕೇಳಿಸಿಕೊಳ್ಳಿ. ನವಿಲಿನ ಕೂಗು ದೂರದಿಂದ ಬರುತ್ತದೆ. ಗೌಜಲಹಕ್ಕಿಗಳು ಪೊದೆಯಿಂದ ಪೊದೆಗೆ ಉತ್ತರ ಕೊಡುತ್ತವೆ. ಬಯಲು ಸಿಕ್ಕ ಕಡೆ ಟಿಟ್ಟಿಭ ಗದ್ದಲ ಎಬ್ಬಿಸುತ್ತದೆ. ನಮ್ಮನ್ನು ಕಂಡರೆ ಅದು ಇಡೀ ಕಾಡಿಗೆ ಸುದ್ದಿ ಮುಟ್ಟಿಸಿತು ಅಂತಲೇ ಅರ್ಥ.

ಆಮೇಲೆ ಕೈಗೆ ಸಿಗುವುದನ್ನು ನೋಡಿ. ತೇಗದ ಎಲೆ ತೆಗೆದುಕೊಳ್ಳಿ. ದೊಡ್ಡ ಎಲೆ, ಮುಟ್ಟಿದರೆ ಒರಟು. ಅಕ್ಟೋಬರ್ ಹೊತ್ತಿಗೆ ಎಷ್ಟೋ ಎಲೆಗಳ ಹಸಿರನ್ನೆಲ್ಲ ಹುಳುಗಳು ತಿಂದುಹಾಕಿ, ನರಗಳಷ್ಟೇ ಉಳಿದು ಎಲೆ ಜರಡಿಯ ಹಾಗೆ ಕಾಣುತ್ತದೆ. ಮರ ಸತ್ತಿತು ಎಂದು ಮರುಗಬೇಡಿ, ಮುಂದಿನ ಮಳೆಗೆ ಅದು ಮತ್ತೆ ಚಿಗುರುತ್ತದೆ. ಮಳೆಗಾಲದಲ್ಲಿ ಹೋದರೆ ಕೆಳಗೆ ಬಿದ್ದ ಎಳೆಯ ಚಿಗುರು ಸಿಕ್ಕಿದಾಗ ಅದನ್ನು ಬೆರಳ ನಡುವೆ ಉಜ್ಜಿ ನೋಡಿ. ಹಸಿರು ಎಲೆಯಿಂದ ಕೆಂಪು ಬಣ್ಣ ಬಂದು ಬೆರಳಿಗೆ ಹತ್ತುತ್ತದೆ. ಮಕ್ಕಳಿಗೆ ಇದನ್ನು ತೋರಿಸಿ, ಅವರು ಮರೆಯುವುದೇ ಇಲ್ಲ.

ಮುತ್ತುಗದ ಮೂರೆಲೆ ಎಲ್ಲರಿಗೂ ಗೊತ್ತು. ಊಟದ ಪತ್ರಾವಳಿ ಹೊಲಿಯುತ್ತಿದ್ದುದು ಇದರಿಂದಲೇ. ಸೀತಾಫಲದ ಗಿಡಗಳು ಕಲ್ಲು ಸಂದಿಯಲ್ಲೂ ಬೆಳೆದಿರುತ್ತವೆ. ದನ, ಮೇಕೆ ಅದರ ಎಲೆ ಮುಟ್ಟುವುದಿಲ್ಲ, ಅದಕ್ಕೇ ಅಷ್ಟು ಹಬ್ಬಿದೆ. ಹಣ್ಣು ಕಂಡಿತೆಂದು ಕಿತ್ತು ಚೀಲ ತುಂಬಬೇಡಿ, ವನ್ಯಧಾಮದಿಂದ ಏನನ್ನೂ ಕಿತ್ತು ಒಯ್ಯುವಂತಿಲ್ಲ. ದಸರಾ ಹೊತ್ತಿಗೆ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳಿಂದ ಕೊಳ್ಳಿ. ನಾಲ್ಕು ಕಾಸು ಅವರ ಮನೆಗೂ ಹೋಗಲಿ.

ಒಂದು ಬಳ್ಳಿಯನ್ನು ಮಾತ್ರ ಗುರುತು ಹಿಡಿದು ದೂರ ಇಡಿ: ನಸುಗುನ್ನಿ. ಚಳಿಗಾಲದಲ್ಲಿ ಅದರ ಕಾಯಿಗಳ ಮೇಲೆ ಕಂದು ಬಣ್ಣದ ರೋಮ ಮಿರುಗುತ್ತದೆ. ಮೈಗೆ ತಾಗಿದರೆ ಸಾಕು, ತುರಿಕೆ ತಡೆಯಲಾಗುವುದಿಲ್ಲ. ತಾಗಿದ ಜಾಗವನ್ನು ಉಜ್ಜಬೇಡಿ, ಕೆರೆಯಬೇಡಿ. ಬ್ಯಾಂಡೇಜಿನ ಅಂಟು ಟೇಪು ಒತ್ತಿ ಎಳೆದರೆ ರೋಮಗಳು ಟೇಪಿಗೆ ಬರುತ್ತವೆ. ಆಮೇಲೆ ನೀರಿನಿಂದ ತೊಳೆಯಿರಿ.

ನೀರಿನ ದಂಡೆಯಲ್ಲಿ

ಮರಗಳ ನಡುವೆ ಬೆಳಕು ಬದಲಾದಾಗ ಕೆರೆ ಹತ್ತಿರ ಬಂತು ಎಂದು ಗೊತ್ತಾಗುತ್ತದೆ. ಅಲ್ಲಿಂದ ಓಡಿಹೋಗಿ ದಂಡೆಯಲ್ಲಿ ನಿಲ್ಲಬೇಡಿ. ಕೊನೆಯ ಮರದ ಮರೆಯಲ್ಲಿ ಐದು ನಿಮಿಷ ಕೂತುಬಿಡಿ. ನೀರುಕಾಗೆಗಳು ಒಣಗಿದ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿಕೊಂಡು ಕೂತಿರುತ್ತವೆ, ಮಿಂಚುಳ್ಳಿ ನೀರಿಗೆ ಬಿದ್ದು ಏಳುತ್ತದೆ. ಅದೃಷ್ಟ ಇದ್ದರೆ ನೀರು ಕುಡಿದು ಹೋಗುತ್ತಿರುವ ಜಿಂಕೆಯ ಬೆನ್ನು ಕಾಣಬಹುದು. ನೀವು ಎದ್ದು ನಿಂತ ಮರುಕ್ಷಣ ಇದೆಲ್ಲ ಚದುರಿಹೋಗುತ್ತದೆ, ಹಾಗಾಗಿ ಮೊದಲು ಕೂತು ನೋಡಿ.

ನಂತರ ಮೆಲ್ಲಗೆ ಕೆಳಗಿಳಿದು ಹಸಿ ಮಣ್ಣು ನೋಡಿ. ಈ ಇಡೀ ನಡಿಗೆಯಲ್ಲಿ ನನಗೆ ಅತಿ ಇಷ್ಟವಾದ ಕೆಲಸ ಇದು. ಹಗಲು ನಮ್ಮ ಕಣ್ಣಿಗೆ ಬೀಳದ ಪ್ರಾಣಿಗಳೆಲ್ಲ ರಾತ್ರಿ ಇಲ್ಲಿಗೆ ಬಂದು ಹೆಜ್ಜೆ ಇಟ್ಟು ಹೋಗಿರುತ್ತವೆ. ಎರಡು ಸೀಳಿನ ಚೂಪು ಗುರುತು ಜಿಂಕೆ, ಕೊಂಡುಕುರಿಯದು. ಅದೇ ಸೀಳು ಗುರುತಿನ ಹಿಂದೆ ಎರಡು ಚಿಕ್ಕ ಚುಕ್ಕೆ ಇದ್ದರೆ ಕಾಡುಹಂದಿ ಇರಬೇಕು. ನಾಲ್ಕು ಬೆರಳು, ಮುಂದೆ ಉಗುರಿನ ಗುರುತೂ ಇದ್ದರೆ ನಾಯಿ, ನರಿ, ತೋಳದ ಬಳಗ. ಉಗುರಿನ ಗುರುತೇ ಇಲ್ಲದೆ ದುಂಡಗಿದ್ದರೆ ಬೆಕ್ಕಿನ ಜಾತಿ, ಏಕೆಂದರೆ ಅವು ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಳ್ಳುತ್ತವೆ. ಮುಂಗಾಲಿನ ಗುರುತು ದೊಡ್ಡದು, ಹಿಂಗಾಲಿನದು ಎದ್ದು ಕಾಣುವಷ್ಟು ಚಿಕ್ಕದು, ಮೊಂಡು ಉಗುರು ಎಂದಾದರೆ ಕತ್ತೆಕಿರುಬ. ಊರ ನಾಯಿ ಮತ್ತು ತೋಳದ ಹೆಜ್ಜೆ ಬೇರ್ಪಡಿಸುವುದು ನುರಿತವರಿಗೂ ಕಷ್ಟ. ಮಾರ್ಗದರ್ಶಕರನ್ನು ಕೇಳಿ, ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ತೆಗೆದುಕೊಳ್ಳಿ. ಆಮೇಲೆ ಮನೆಯಲ್ಲಿ ಅಳತೆ ಹೋಲಿಸಿ ನೋಡಬಹುದು.

ಕೊಂಡುಕುರಿ ಬಗ್ಗೆ ಒಂದು ಮಾತು. ತಲೆಯ ಮೇಲೆ ನಾಲ್ಕು ಕೊಂಬು ಬರುವ ಜೀವಿ, ಅದೂ ಗಂಡಿಗೆ ಮಾತ್ರ. ನಾಚಿಕೆಯ ಪ್ರಾಣಿ, ಒಂಟಿಯಾಗಿ ಓಡಾಡುತ್ತದೆ. ಪದೇ ಪದೇ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಹಾದಿ ಬದಿಯಲ್ಲಿ ಹಳೆಯದು ಹೊಸದು ಸೇರಿದ ಹಿಕ್ಕೆಯ ಗುಡ್ಡೆ ಕಂಡರೆ ಅದರ ಮನೆಯಂಗಳದಲ್ಲೇ ನಿಂತಿದ್ದೀರಿ. ದನಿ ತಗ್ಗಿಸಿ.

ಈಗ ಗಟ್ಟಿಯಾಗಿ ಹೇಳಬೇಕಾದ ಮಾತು. ನೀರಿಗೆ ಇಳಿಯಬೇಡಿ. ಈಜು ಬರುತ್ತದೆ ಎಂಬ ಕಾರಣಕ್ಕಂತೂ ಇಳಿಯಲೇಬೇಡಿ. ಕಟ್ಟಿದ ಕೆರೆಯ ತಳ ಮಟ್ಟಸ ಇರುವುದಿಲ್ಲ. ಹಳೆಯ ಹಳ್ಳದ ಗುಂಡಿ, ಮುಳುಗಿದ ಮರದ ಬೊಡ್ಡೆ, ಮೊಣಕಾಲು ಹೂಳುವ ಕೆಸರು ಎಲ್ಲವೂ ನೀರಿನಡಿ ಇರುತ್ತವೆ. ನೀರು ಹಿಂದೆ ಸರಿದ ತಿಂಗಳುಗಳಲ್ಲಿ ದಂಡೆಯ ಮಣ್ಣು ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ, ಕಾಲಿಟ್ಟರೆ ಒಳಗೆ ಮೆತ್ತಗೆ. ಕೋಲಿನಿಂದ ಒತ್ತಿ ನೋಡಿ ಹೆಜ್ಜೆ ಇಡಿ. ಅಣೆಕಟ್ಟಿನ ಕಲ್ಲುಗಳ ಮೇಲೆ, ಗೇಟು ಮತ್ತು ಕೋಡಿಯ ಬಳಿ ಸೆಲ್ಫಿಗೆ ಹೋಗಬೇಡಿ. ಪಾಚಿ ಹಿಡಿದ ಕಲ್ಲು ಒಣಗಿದಂತೆ ಕಂಡರೂ ಜಾರುತ್ತದೆ. ಮಕ್ಕಳ ಕೈ ಬಿಡಬಾರದ ಜಾಗ ಇದು.

ಬುತ್ತಿಯನ್ನು ನೀರಿನ ಅಂಚಿನಲ್ಲಿ ಬಿಚ್ಚದೆ, ಸ್ವಲ್ಪ ಮೇಲೆ ನೆರಳಿಗೆ ಬಂದು ಬಿಚ್ಚಿ. ಕೋತಿಗಳಿಗೆ ಒಂದು ಚೂರೂ ಹಾಕಬೇಡಿ. ಬೆಂಕಿ ಹಚ್ಚುವುದು, ಬೀಡಿ ಸಿಗರೇಟು ಸೇದುವುದು ಪೂರ್ತಿ ನಿಷಿದ್ಧ. ಒಣಗಿದ ತೇಗದ ಎಲೆ ಹಾಸಿದ ನೆಲದಲ್ಲಿ ಒಂದು ಕಿಡಿ ಸಾಕು, ಗಾಳಿ ಬೀಸಿದರೆ ಗುಡ್ಡ ಪೂರ್ತಿ ಹೋಗುತ್ತದೆ. ವನ್ಯಧಾಮದಲ್ಲಿ ಬೆಂಕಿ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧವೂ ಹೌದು.

ಒಂಬತ್ತೂಕಾಲಿಗೆ ಎದ್ದೇಳಿ

ಇನ್ನೊಂಚೂರು ಕೂರೋಣ ಎನ್ನಿಸುತ್ತದೆ. ಆದರೂ ಏಳಿ. ಹತ್ತರ ನಂತರ ಕೆಂಪು ಮುರಕಲ್ಲು, ಕರಿ ಕಲ್ಲು ಎರಡೂ ಕಾಯಲು ಶುರುವಾಗುತ್ತವೆ. ಎಲೆ ಉದುರಿದ ಕಾಡಿನಲ್ಲಿ ನೆರಳು ಕಡಿಮೆ. ಬರುವಾಗ ಏರು ಸಿಕ್ಕರೆ ಹೋಗುವಾಗಿನ ಎರಡರಷ್ಟು ದಣಿವು. ಚೀಲದಲ್ಲಿ ಇನ್ನೂ ಅರ್ಧ ನೀರು ಉಳಿದಿರಬೇಕು, ಇಲ್ಲದಿದ್ದರೆ ಇನ್ನೂ ಬೇಗ ಹೊರಡಿ.

ಯಾರಿಗಾದರೂ ತಲೆನೋವು, ವಾಕರಿಕೆ, ಕಾಲಿನ ಸೆಳೆತ ಶುರುವಾದರೆ ಬಿಸಿಲು ಹೊಡೆಯುತ್ತಿದೆ ಎಂದರ್ಥ. ನೆರಳಲ್ಲಿ ಮಲಗಿಸಿ, ಕಾಲು ಎತ್ತರಕ್ಕಿಡಿ, ಓಆರ್‌ಎಸ್ ಸ್ವಲ್ಪ ಸ್ವಲ್ಪವೇ ಕುಡಿಸಿ. ಮಾತು ತೊದಲಿದರೆ, ತಲೆ ನಿಲ್ಲದೆ ಏನೇನೋ ಆಡಿದರೆ, ಮೈ ಸುಡುತ್ತಿದ್ದರೆ ಅದು ಜೀವಕ್ಕೆ ಅಪಾಯ. ಕೂಡಲೇ ಮೈಮೇಲೆ ನೀರು ಸುರಿದು ಟವೆಲ್‌ನಿಂದ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಕುಡಿಯಲು ಉಳಿಸಿದ ನೀರೇ ಆದರೂ ಸುರಿಯಿರಿ. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಹಾವು, ಹೆಜ್ಜೇನು, ಸಿಡಿಲು

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ನಮ್ಮ ಸೀಮೆಯ ಹಾವುಗಳೇ. ಅವು ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಕಾಣದ ಕಡೆ ಕೈ ಹಾಕುವುದು, ಕಲ್ಲು ಎತ್ತುವುದು, ಒಣ ಎಲೆಯ ರಾಶಿ ತುಳಿಯುವುದು ಬಿಟ್ಟರೆ ಮುಕ್ಕಾಲು ಅಪಾಯ ಹೋಯಿತು. ಮರದ ದಿಮ್ಮಿ ಅಡ್ಡ ಬಿದ್ದಿದ್ದರೆ ಮೊದಲು ಅದರ ಮೇಲೆ ಕಾಲಿಟ್ಟು, ಆಚೆ ನೋಡಿ, ಆಮೇಲೆ ಇಳಿಯಿರಿ.

ಕಚ್ಚಿದರೆ ಹಗ್ಗ ಕಟ್ಟಬೇಡಿ, ಕುಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಮದ್ದಿಗೆ ಹೊತ್ತು ಕಳೆಯಬೇಡಿ. ಹಾವು ಹಿಡಿಯಲು ಹೋಗುವುದೂ ಬೇಡ, ನಮ್ಮ ದೇಶದ ವಿಷನಿರೋಧಕ ಔಷಧ ಈ ನಾಲ್ಕೂ ಹಾವುಗಳಿಗೆ ಕೆಲಸ ಮಾಡುತ್ತದೆ. ಉಂಗುರ, ಬಳೆ, ಗಡಿಯಾರ ತೆಗೆಯಿರಿ. ಕಚ್ಚಿದ ಕೈಕಾಲಿಗೆ ಕೋಲು ಕಟ್ಟಿ ಅಲುಗಾಡದಂತೆ ಮಾಡಿ, ನಡೆಸದೆ ಹೊತ್ತುಕೊಂಡು ಗಾಡಿಗೆ ತನ್ನಿ. ಅಲ್ಲಿಂದ ನೇರ ಚಿಂಚೋಳಿಯ ತಾಲ್ಲೂಕು ಆಸ್ಪತ್ರೆಗೆ.

ಹೆಜ್ಜೇನು ದೊಡ್ಡ ಮರ, ಬಂಡೆ, ಕಟ್ಟಡದ ಎತ್ತರದಲ್ಲಿ ಗೂಡು ಕಟ್ಟುತ್ತದೆ. ಗದ್ದಲ, ಹೊಗೆ, ಗಾಢ ಪರಿಮಳ ಮೂರೂ ಅದನ್ನು ಕೆಣಕುತ್ತವೆ. ಸೆಂಟು ಬೇಡ ಅಂದದ್ದು ಇದಕ್ಕೇ. ಎದ್ದು ಬಂದರೆ ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ನೇರ ಓಡಿ ಗಾಡಿಯೊಳಗೆ ಸೇರಿ. ನೀರಿಗೆ ಹಾರಿದರೆ ಅವು ಮೇಲೆ ಕಾಯುತ್ತವೆ.

ಮಳೆಗಾಲದ ಮುಂಚೆ ಮತ್ತು ಅಕ್ಟೋಬರ್‌ನಲ್ಲಿ ಮಧ್ಯಾಹ್ನ ಮೇಲೆ ಗುಡುಗು ಸಾಮಾನ್ಯ. ಬೇಗ ಮುಗಿಸಲು ಇದೂ ಒಂದು ಕಾರಣ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವಷ್ಟೂ ಹೊತ್ತು ಇಲ್ಲ ಎಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಅಣೆಕಟ್ಟಿನ ಏರಿ, ನೀರಿನ ದಂಡೆ, ಒಂಟಿ ಮರ ಬಿಟ್ಟು ಗಾಡಿಯೊಳಗೆ ಸೇರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೆ ಹೊರಬನ್ನಿ.

ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತು ಸೇವೆ 112. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಬೆಂಕಿ ಕಂಡರೆ, ಬೇಟೆಯ ಉರುಳು ಕಂಡರೆ ಮೊದಲ ನಂಬರ್‌ಗೆ ತಿಳಿಸಿ.

ಮಕ್ಕಳು, ಹಿರಿಯರು ಜೊತೆಗಿದ್ದರೆ

ಏಳೆಂಟು ವರ್ಷದ ಮೇಲಿನ ಮಕ್ಕಳು ಆರಾಮವಾಗಿ ಬರುತ್ತಾರೆ. ಅವರಿಗೊಂದು ಸೀಟಿ ಕೊಟ್ಟು, ದಾರಿ ತಪ್ಪಿದರೆ ನಿಂತಲ್ಲೇ ನಿಂತು ಮೂರು ಸಲ ಊದಬೇಕು ಎಂದು ಹೇಳಿಕೊಡಿ. ಮಂಡಿ ನೋವಿನ ಹಿರಿಯರು ಕಾಡಿನ ಹಾದಿ ಬಿಟ್ಟು ಗಾಡಿಯಲ್ಲೇ ಅಣೆಕಟ್ಟಿನವರೆಗೆ ಬರಬಹುದು. ನೋಟ ಅಲ್ಲಿಂದಲೂ ಕಡಿಮೆ ಇಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ತಿಂಡಿ ತಪ್ಪಿಸಬೇಡಿ.

ವಾಪಸ್ ಬಂದ ಮೇಲೆ

ಹನ್ನೊಂದರ ಹೊತ್ತಿಗೆ ನಡಿಗೆ ಮುಗಿದಿದ್ದರೆ ಹಗಲು ಇನ್ನೂ ಉಳಿದಿದೆ. ಮಳೆಗಾಲ ಆಗತಾನೆ ಮುಗಿದಿದ್ದರೆ ಗಾಡಿಯಲ್ಲಿ ಎತ್ತಿಪೋತ ಜಲಪಾತದ ಕಡೆ ಹೋಗಿಬನ್ನಿ. ಡಿಸೆಂಬರ್ ನಂತರ ಅಲ್ಲಿ ನೀರು ಹುಡುಕಬೇಕಾಗುತ್ತದೆ, ಆಗ ಗೊಟ್ಟಂಗೊಟ್ಟದ ಬಕ್ಕಪ್ರಭು ದೇವಸ್ಥಾನ ಮೇಲು. ಚಿಂಚೋಳಿಯಲ್ಲಿ ಬಿಸಿ ರೊಟ್ಟಿ, ಪುಂಡಿ ಪಲ್ಯ ಸಿಕ್ಕರೆ ಬಿಡಬೇಡಿ. ಎರಡು ಸಲ ಮುಖ್ಯಮಂತ್ರಿಯಾದ ವೀರೇಂದ್ರ ಪಾಟೀಲರ ಊರು ಇದು.

ಮಾರ್ಗದರ್ಶಕರಿಗೆ ಮಾತಾಡಿದ ಹಣಕ್ಕಿಂತ ಸ್ವಲ್ಪ ಹೆಚ್ಚೇ ಕೊಡಿ. ನೋಡಿದ ಹಕ್ಕಿ, ಹೆಜ್ಜೆಗಳನ್ನು ಅವರ ಮುಂದೆಯೇ ಬರೆದುಕೊಳ್ಳಿ, ಹೆಸರು ತಪ್ಪಿದ್ದರೆ ತಿದ್ದುತ್ತಾರೆ. ಕಸದ ಚೀಲವನ್ನು ಅಲ್ಲಿಯ ಹಳ್ಳಿಯಲ್ಲಿ ಇಳಿಸದೆ ನಿಮ್ಮ ಊರಿನವರೆಗೂ ತನ್ನಿ.

ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸ್ನಾನ ಮಾಡುವಾಗ ಮಂಡಿಯ ಹಿಂದೆ, ಕಂಕುಳು, ಸೊಂಟ, ಕಿವಿಯ ಹಿಂದೆ ರಕ್ತ ಹೀರುವ ಉಣ್ಣೆಹುಳ ಅಂಟಿಕೊಂಡಿದೆಯೇ ನೋಡಿ. ಮಕ್ಕಳಿಗೆ ನೀವೇ ನೋಡಿ. ಹತ್ತಿದ್ದರೆ ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತೋರಿಸುವುದು ಬೇಡ. ಚಿಮ್ಮಟದಿಂದ ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುವದೆ, ನೇರ ಮೇಲಕ್ಕೆ ಎಳೆಯಿರಿ. ಸೋಪು ಹಚ್ಚಿ ತೊಳೆಯಿರಿ. ಮುಂದಿನ ಎರಡು ವಾರದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದೆ, ಉಣ್ಣೆ ಕಚ್ಚಿತ್ತು ಎಂದು ಡಾಕ್ಟರಿಗೆ ಹೇಳಲು ಮರೆಯಬೇಡಿ.